ಬಿಗಿದ ಮೇಲೆ ಎಳೆಯುವ ಗೆರೆ

ಭಾನುಪ್ರಕಾಶ್ ಮೊದಲು ಪ್ರೀತಿಸಿದ್ದು ಒಂದು ಗೆರೆಯನ್ನು.

ಹಳದಿ ಬಣ್ಣದ ಗೆರೆ. ನಟ್ಟಿನ ನೆತ್ತಿಯಲ್ಲಿ ಹುಟ್ಟಿ, ಅದರ ಬದಿಯಿಂದ ಇಳಿದು, ವಾಷರ್ ದಾಟಿ, ಕೆಳಗಿನ ಉಕ್ಕಿನ ಪಟ್ಟಿಯ ಮೇಲೆ ಬಂದು ನಿಲ್ಲುತ್ತಿತ್ತು. ನಿಲ್ಲುವಾಗ ತುದಿ ತುಸು ಮೇಲೆದ್ದಿರುತ್ತಿತ್ತು. ಇನ್ನೇನೋ ಹೇಳಲಿಕ್ಕಿತ್ತು, ಹೋಗಲಿ ಎಂದು ಬಿಟ್ಟ ಹಾಗೆ.

ಪೀಣ್ಯದ ಆ ಕಾರ್ಖಾನೆಯಲ್ಲಿ ಲಿಫ್ಟಿನ ಚೌಕಟ್ಟು ಜೋಡಿಸುತ್ತಿದ್ದರು. ಅದರ ಬೋಲ್ಟುಗಳನ್ನು ನಂಬಿಕೊಂಡು, ನಂಬಿದ್ದೇವೆಂಬ ಅರಿವೂ ಇಲ್ಲದೆ, ಜನ ಹಾಲಿನ ಪ್ಯಾಕೆಟ್ ಹಿಡಿದು ಹತ್ತನೆಯ ಮಹಡಿಗೆ ಹೋಗುತ್ತಾರೆ. ಬೋಲ್ಟನ್ನು ಟಾರ್ಕ್ ಸ್ಪ್ಯಾನರ್‌ನಿಂದ ಬಿಗಿಯಬೇಕು. ಬೇಕಾದಷ್ಟು ಬಿಗಿಯಾದ ಕೂಡಲೇ ಸ್ಪ್ಯಾನರ್ ‘ಕಟಕ್’ ಅನ್ನುತ್ತದೆ. ಆಮೇಲೆ ಗೆರೆ. ನಟ್ಟು ಎಂದಾದರೂ ಕೂದಲೆಳೆಯಷ್ಟು ತಿರುಗಿದರೂ ಗೆರೆ ತುಂಡಾಗಿ ಕಾಣುತ್ತದೆ. ಇದನ್ನು ನಾನು ಬಿಗಿದಿದ್ದೇನೆ, ನೀವು ನೆಮ್ಮದಿಯಾಗಿ ಮೇಲೆ ಹೋಗಿ: ಗೆರೆಯ ಅರ್ಥ ಇಷ್ಟೇ.

ಬಿಗಿಯುವವರು ಮೊದಲ ಶಿಫ್ಟಿನವರು. ಭಾನುಪ್ರಕಾಶ್ ಎರಡನೆಯ ಶಿಫ್ಟಿನ ಇನ್‌ಸ್ಪೆಕ್ಟರ್. ಅವರು ಹೋದ ಮೇಲೆ ಬಂದು, ಅವರ ಕೆಲಸ ತಟ್ಟಿ ನೋಡುವವನು. ಹಾಗಾಗಿ ಅವನಿಗೆ ಕೈ ಗೊತ್ತಿತ್ತು, ಮುಖ ಗೊತ್ತಿರಲಿಲ್ಲ. ಇಷ್ಟು ತಪ್ಪದ ಕೈ ಹಳೆಯ ಫಿಟ್ಟರ್ ದ್ಯಾಮಣ್ಣನದೇ ಇರಬೇಕೆಂದು ಅವನೇ ತೀರ್ಮಾನಿಸಿಬಿಟ್ಟಿದ್ದ. ಒಂದು ಮಧ್ಯಾಹ್ನ ಸ್ವಲ್ಪ ಬೇಗ ಬಂದವನು ಗೇಟಿನ ಹತ್ತಿರ ದ್ಯಾಮಣ್ಣನನ್ನು ಹಿಡಿದು ನಿಲ್ಲಿಸಿದ.

“ದ್ಯಾಮಣ್ಣ, ನಿಮ್ ಗೆರೆ ನೋಡ್ತಾ ಇದ್ರೆ ಆ ಕೈಗೊಂದು ಮುತ್ತು ಕೊಡ್ಬೇಕು ಅನ್ಸುತ್ತೆ ಕಣ್ರೀ.”

ದ್ಯಾಮಣ್ಣ ಕೆಮ್ಮು ಬರುವವರೆಗೂ ನಕ್ಕ. “ಕೊಡಪ್ಪ, ಧಾರಾಳವಾಗಿ ಕೊಡು. ಆದ್ರೆ ಆ ಕೈ ನಂದಲ್ಲ. ನಾನ್ ಎಳೆದ್ರೆ ಗೆರೆ ಉಚ್ಚೆ ಉಯ್ದಂಗಿರ್ತದೆ. ಅಗೋ, ನಲ್ಲಿ ತಾವ ಕೈ ತೊಳೀತವ್ಳಲ್ಲ, ಆ ಯಮ್ಮಂದು.” ತಡೆಯುವಷ್ಟರಲ್ಲಿ ಕೂಗಿಯೇಬಿಟ್ಟ: “ಮಹಾನಂದಾ, ಬಾರವ್ವ! ಇನ್‌ಸ್ಪೆಕ್ಟರು ನಿಂಗೇನೋ ಕೊಡ್ಬೇಕಂತೆ!”

ಅವಳು ಬಂದಳು. ಒದ್ದೆ ಕೈ, ಮೊಣಕೈಯವರೆಗೆ ಮಡಚಿದ ಖಾಕಿ ಕೋಟು, ಕಿವಿಯ ಪಕ್ಕ ಹಳದಿ ಪೇಂಟಿನ ಒಂದು ಚುಕ್ಕೆ.

“ಏನ್ರೀ ಸರ, ಏನ ಕೊಡ್ತೀರಿ?”

“ಅಲ್ಲ... ಗೆರೆ ಚೆನ್ನಾಗಿದೆ ಅಂತ ಹೇಳ್ತಾ ಇದ್ದೆ.”

“ಗೆರಿ ಏನ ನೋಡ್ತೀರಿ? ಬೋಲ್ಟ್ ಬಿಗಿ ಐತಿಲ್ಲೋ ನೋಡ್ರಿ,” ಎಂದಳು. ಬಾಯಿ ನಗಲಿಲ್ಲ. ಕಣ್ಣು ಮಾತ್ರ ಅವನ ಅಂಗಿಯ ಗುಂಡಿಗಳನ್ನು ಮೇಲಿನಿಂದ ಕೆಳಗೆ ಒಂದೊಂದಾಗಿ ನೋಡಿ, ಎಲ್ಲ ಸರಿಯಾಗಿ ಕೂತಿವೆಯೇ ಎಂದು ಪರೀಕ್ಷಿಸಿ, ನಕ್ಕು, ಬೇರೆ ಕಡೆ ಹೋಯಿತು.

ಅಂದಿನಿಂದ ಅವನು ದಿನಾ ಬೇಗ ಬರತೊಡಗಿದ.

ಅವಳು ಮುದ್ದೇಬಿಹಾಳದ ಕಡೆಯವಳು. ಬಾಗಲಗುಂಟೆಯಲ್ಲಿ ಇಬ್ಬರು ಗೆಳತಿಯರ ಜೊತೆ ಒಂದು ರೂಮು. ಅವನೂ ಬಾಗಲಗುಂಟೆಯವನೇ, ಅದು ಊರಾಗಿದ್ದ ಕಾಲದಿಂದಲೂ ಅಲ್ಲಿದ್ದ ಮನೆತನ. ಇಷ್ಟು ದಿನ ಒಂದೇ ಬೀದಿಯ ಅಂಗಡಿಯಲ್ಲಿ ಕೊತ್ತಂಬರಿ ಕೊಂಡಿದ್ದರೂ ಕೊಂಡಿದ್ದಾರು. ಈಗ ಗೇಟಿನಾಚೆಯ ಟೀ ಗಾಡಿಯ ಮುಂದೆ, ಅವಳ ದಿನ ಮುಗಿದು ಅವನದು ಶುರುವಾಗುವ ಸಂದಿಯಲ್ಲಿ, ಇಬ್ಬರಿಗೂ ಒಂದು ಟೀ ಮುಗಿಯುವಷ್ಟು ಸಮಯ.

ಅವಳ ಟೇಬಲನ್ನು ಅವನು ಹತ್ತಿರದಿಂದ ನೋಡಿದ್ದ. ಟ್ರೇ ಪಕ್ಕ ಟ್ರೇ. ಆರು ಮೂಲೆಯ ತಲೆಯ ಬೋಲ್ಟುಗಳು. ಒಳಗಡೆ ನೀಲಿ ನೈಲಾನಿನ ಬಳೆ ತೊಟ್ಟ ನಟ್ಟುಗಳು. ಒಂದು ಕಡೆ ಸೀಳಿದ ಸ್ಪ್ರಿಂಗ್ ವಾಷರುಗಳು. ಹೇರ್‌ಪಿನ್ನಿನಂಥ ಸ್ಪ್ಲಿಟ್ ಪಿನ್ನುಗಳು. ಅವಳು ಟ್ರೇ ಕಡೆ ನೋಡುತ್ತಲೇ ಇರಲಿಲ್ಲ. ಕೈ ಹೋಗುತ್ತಿತ್ತು, ಬೇಕಾದ್ದೇ ಬೆರಳಿಗೆ ಬರುತ್ತಿತ್ತು. ನಟ್ಟನ್ನು ಮೊದಲ ಎರಡು ಸುತ್ತು ಬರಿಗೈಯಲ್ಲೇ ತಿರುಗಿಸುವಾಗ ತಲೆ ಒಂದಿಷ್ಟು ವಾಲಿಸುತ್ತಿದ್ದಳು. ಲೋಹ ಪಿಸುಗುಟ್ಟಿದ್ದನ್ನು ಕೇಳಿಸಿಕೊಳ್ಳುವಂತೆ. ಲೋಕದಲ್ಲಿ ಒಂದಕ್ಕೊಂದು ಹಿಡಿದುಕೊಂಡಿರುವ ಸಕಲವೂ ಯಾರೋ ಹೀಗೆ ತಲೆ ವಾಲಿಸಿ ಹಿಡಿಸಿದ್ದೇ ಇರಬೇಕು ಎಂದು ಅವನಿಗೆ ಅನ್ನಿಸುತ್ತಿತ್ತು.

“ಇದ್ರಲ್ಲಿ ನಿಮಗೆ ಯಾವುದು ಇಷ್ಟ?” ಎಂದು ಒಮ್ಮೆ ಕೇಳಿದ.

“ಯಾವುದು ಸೇರೂದಿಲ್ಲ ಅದನ್ನ ಹೇಳ್ತೀನಿ. ರಿವೆಟ್. ಒಮ್ಮೆ ಬಡದ್ರ ಮುಗೀತು. ಬಿಚ್ಚಬೇಕಂದ್ರ ತಲೀನ ಹಾರಿಸಬೇಕು.”

“ಗಟ್ಟಿ ಇರುತ್ತಲ್ಲ ಮತ್ತೆ?”

“ಏನ ಗಟ್ಟಿ! ಅದಕ್ಕ ಬ್ಯಾರೆ ದಾರೀನ ಇಲ್ಲ, ಅದಕ್ಕ ಕುಂತೈತಿ. ಬೋಲ್ಟ್ ನೋಡ್ರಿ. ಬಿಚ್ಚಾಕ ಬರತೈತಿ, ಆದ್ರೂ ಬಿಚ್ಚಿಕೊಳ್ಳೂದಿಲ್ಲ. ಅದು ಮರ್ಯಾದಿ.”

“ಸ್ಪ್ರಿಂಗ್ ವಾಷರ್?”

“ಅದರ ಕೆಲಸ ಸಿಟ್ಟ ಮಾಡೂದು. ಒತ್ತಿದ್ರ ತಿರುಗಿ ಒತ್ತತೈತಿ. ಅದು ಸಿಟ್ಟ ಮಾಡಿದ್ದಕ್ಕ ನಟ್ಟ್ ಸಡಲ ಆಗೂದಿಲ್ಲ.” ಟೀ ಲೋಟದ ಅಂಚಿನ ಮೇಲಿಂದ ನೋಡಿದಳು. “ಮನಿಯಾಗೂ ಒಬ್ರು ಹಂಗ ಇರಬೇಕ್ರಿ.”

“ಮತ್ತೆ ಗ್ರಬ್ ಸ್ಕ್ರೂ?”

“ತಲೀನ ಇಲ್ಲಲ್ರೀ ಅದಕ್ಕ. ತೂತಿನ್ಯಾಗ ಹೊಕ್ಕು ಸುಮ್ಮನ ಕುಂತಿರತೈತಿ. ಹೊರಗಿನವ್ರಿಗೆ ಒಳಗೊಂದು ಐತಂತ ಗೊತ್ತ ಆಗೂದಿಲ್ಲ.” ಲೋಟ ಇಟ್ಟು ಬ್ಯಾಗು ಹೆಗಲಿಗೇರಿಸಿದಳು. “ನಿಮ್ಮಂಗ.”

ಅವಳು ತಿರುಗಿ ನೋಡದೆ ಬಸ್ ಸ್ಟಾಪಿನ ಕಡೆ ನಡೆದಳು. ತುಮಕೂರು ರಸ್ತೆಯ ನಡುವೆ ಮೆಟ್ರೋ ಕಂಬಗಳು ಎದ್ದು ನಿಂತಿದ್ದವು. ಅವುಗಳ ಮೇಲೆ ಹಳಿ ಇನ್ನೂ ಬಂದಿರಲಿಲ್ಲ. ಆ ಸಂಜೆ ಅವನು ಗುಜರಿ ತಗಡಿನ ಮೇಲೆ ಅವಳ ಗೆರೆಯನ್ನು ಎಳೆದು ನೋಡಿದ. ಮರುದಿನವೂ ಎಳೆದ. ಆ ತುದಿಯ ಏರು ಕೈಗೆ ಕೂರುವವರೆಗೂ ಎಳೆದ.

ಇದಾಗಿ ಕೆಲವು ವಾರಕ್ಕೆ, ಒಂದು ಚೌಕಟ್ಟಿನ ಎಡಮೂಲೆಯ ಬೋಲ್ಟಿಗೆ ಅವನು ಸ್ಪ್ಯಾನರ್ ಹಾಕಿದ. ಕಟಕ್ ಅನ್ನಲಿಲ್ಲ. ನಟ್ಟು ತಿರುಗಿತು.

ಕಾಲು ಸುತ್ತು ತಿರುಗಿದ ಮೇಲೆ ಸದ್ದು ಬಂತು. ಹಳದಿ ಗೆರೆ ಎರಡಾಗಿತ್ತು.

ನಿಯಮ ಸ್ಪಷ್ಟವಿತ್ತು. ಚೌಕಟ್ಟಿಗೆ ಕೆಂಪು ಚೀಟಿ ಕಟ್ಟಬೇಕು, ಸೂಪರ್‌ವೈಸರ್ ವೆಂಕಟಪ್ಪನಿಗೆ ಹೇಳಬೇಕು. ಬಿಗಿಯದೆ ಗೆರೆ ಎಳೆಯುವುದು ಅಲ್ಲಿ ಸುಳ್ಳು ಸಾಕ್ಷಿಗೆ ಸಮ, ಕೆಲಸ ಹೋಗಲೂಬಹುದು. ಅವನು ಸುತ್ತ ನೋಡಿದ. ಬಟ್ಟೆಗೆ ಥಿನ್ನರ್ ಹಾಕಿ ಮುರಿದ ಗೆರೆಯನ್ನು ಒರೆಸಿದ. ಬ್ರಷ್ ಅದ್ದಿ ನೆತ್ತಿಯಿಂದ ಪಟ್ಟಿಯವರೆಗೆ ಅವಳ ಗೆರೆಯನ್ನು ತಾನೇ ಎಳೆದ. ಅವಳಿಗೆ ಎಂದೂ ಗೊತ್ತಾಗದ ಒಂದು ಉಡುಗೊರೆ ಕೊಟ್ಟೆ ಎಂಬ ಹೆಮ್ಮೆಯಲ್ಲಿ ಅವನು ಅಂದು ಶಿಳ್ಳೆ ಹಾಕುತ್ತ ಮನೆಗೆ ಹೋದ.

ಮರುದಿನ ಅವನು ಬಂದಾಗ ಅವಳು ಟೀ ಗಾಡಿಯ ಹತ್ತಿರ ಇರಲಿಲ್ಲ. ಆ ಚೌಕಟ್ಟಿನ ಮುಂದೆ ನಿಂತಿದ್ದಳು.

“ಇದು ನನ್ನ ಗೆರಿ ಅಲ್ಲ.”

“ನಿಮ್ದೇ ಅಲ್ವಾ? ತುದಿ ಎದ್ದಿದೆಯಲ್ಲ...”

“ನನ್ನ ಗೆರಿ ತುದಿ ಯಾಕ ಏಳತೈತಿ ಗೊತ್ತೇನ್ರಿ? ಮುಂದಿನ ಬೋಲ್ಟಿಗೆ ಅವಸರ ಇರತೈತಿ ನನಗ. ಈ ಗೆರಿಗೆ ಅವಸರಾನ ಇಲ್ಲ. ಕುಂತು, ಚಂದ ಮಾಡಿ ಎಬ್ಬಿಸ್ಯಾರ.” ಅವಳ ಕಣ್ಣು ಈಗ ಗುಂಡಿಗಳ ಮೇಲಿರಲಿಲ್ಲ, ನೇರ ಅವನ ಮುಖದ ಮೇಲಿತ್ತು. “ಸಡಲ ಇತ್ತಿಲ್ಲ?”

ಅವನು ಹೌದೆಂದು ತಲೆ ಆಡಿಸಿದ.

“ಮತ್ತ ನನಗ್ಯಾಕ ಹೇಳಲಿಲ್ಲ?”

“ನಿಮ್ ಕೆಲ್ಸಕ್ಕೆ ತೊಂದ್ರೆ ಆಗುತ್ತೆ ಅಂತ. ಒಂದೇ ಒಂದು ಬೋಲ್ಟ್ ಅಲ್ವಾ, ಬಿಗಿ ಮಾಡ್ದೆ ನಾನು.”

“ಒಂದ ಅಂತ ನಿಮಗ ಯಾರ ಹೇಳಿದ್ರು? ಸ್ಪ್ಯಾನರ್ ಕೆಟ್ಟಿದ್ರ? ನಿನ್ನಿ ಮುಂಜಾನೆ ಇದರ ಜೋಡಿ ಮಾಡಿದ ಇನ್ನೊಂದು ಚೌಕಟ್ಟು ಮಧ್ಯಾಹ್ನದ ಲಾರಿಗೇ ಹೂಡಿ ಬಿಲ್ಡಿಂಗಿಗೆ ಹೋತು. ನೀವು ಚೆಕ್ ಮಾಡೂಕಿಂತ ಮೊದಲ ಹೋತು. ಅದರಾಗ ಮಂದಿ ಹತ್ತೂದಿಲ್ಲೇನು?” ಅವಳು ಆ ಗೆರೆಯ ಮೇಲೆ ಬೆರಳಿಟ್ಟಳು. “ನನ್ನ ತಪ್ಪ ನನ್ನ ಕೈಯಾಗ ಕೊಡಬೇಕಾಗಿತ್ರಿ ನೀವು. ಬಚ್ಚಿಟ್ಟು ದೊಡ್ಡವರಾದ್ರಿ.”

ಲಾರಿಯ ಬಗ್ಗೆ ಅವನು ಯೋಚಿಸಿಯೇ ಇರಲಿಲ್ಲ. ಗೆರೆಯ ಬಗ್ಗೆ ಮಾತ್ರ ಯೋಚಿಸಿದ್ದ.

“ನಾನೇ ಹೋಗಿ ವೆಂಕಟಪ್ಪ ಸಾರ್‌ಗೆ ಹೇಳ್ತೀನಿ.”

“ನನ್ನದೂ ಸೇರಿಸಿ ಹೊತಗೊಂಡು ಹೋಗಬ್ಯಾಡ್ರಿ ಮತ್ತ. ನಿಮ್ಮದು ನೀವು ಹೇಳ್ರಿ, ನನ್ನದು ನಾ ಹೇಳ್ತೀನಿ.”

ಇಬ್ಬರೂ ಹೇಳಿದರು. ವೆಂಕಟಪ್ಪ ಕಾರ್ಖಾನೆಯ ಆ ತುದಿಗೂ ಕೇಳುವಂತೆ ಕೂಗಾಡಿದ. ಕೂಗಾಡಿ ದಣಿದು, ಹೊಸ ಸ್ಪ್ಯಾನರೊಂದನ್ನು ಕೈಗೆ ಕೊಟ್ಟು ಹೇಳಿದ: “ಈಗ್ಲೇ ಹೂಡಿಗೆ ಹೋಗಿ, ಇಬ್ರೂ. ಒಬ್ರು ಬಿಗೀರಿ, ಒಬ್ರು ನೋಡಿ. ಅಲ್ಲೇನಾದ್ರೂ ಒಂದು ನಟ್ಟು ತಿರುಗ್ತೋ, ವಾಪಸ್ ಬರೋದೇ ಬೇಡ.”

ಅವನ ಬೈಕಿನಲ್ಲಿ ಹೋದರು. ಇಬ್ಬರ ನಡುವೆ ಟೂಲ್ ಬ್ಯಾಗು. ಹೆಬ್ಬಾಳ ದಾಟಿತು, ಕೆ.ಆರ್. ಪುರದ ತೂಗುಸೇತುವೆ ದಾಟಿತು. ಸಿಗ್ನಲ್ಲಿನಲ್ಲಿ ಅವನು ಕನ್ನಡಿಯಲ್ಲಿ ನೋಡಿದ. ಅವಳು ದುಪಟ್ಟಾದಿಂದ ಮುಖ ಸುತ್ತಿಕೊಂಡಿದ್ದಳು; ಕಣ್ಣು ಮಾತ್ರ ಕಾಣುತ್ತಿತ್ತು, ಅದೂ ಕಟ್ಟಡಗಳ ಮೇಲ್ತುದಿಯಲ್ಲಿ. ಎಲ್ಲಿ ಯಾರು ಎಷ್ಟು ಎತ್ತರಕ್ಕೆ ಹೋಗುತ್ತಾರೆಂದು ಅಳೆಯುತ್ತಿದ್ದಳೇನೋ.

ಹೂಡಿಯ ಅಪಾರ್ಟ್‌ಮೆಂಟಿಗೆ ಇನ್ನೂ ಬಣ್ಣ ಬಳಿಯುತ್ತಿದ್ದರು. ಲಿಫ್ಟ್ ಓಡಾಡಲು ಬಿಟ್ಟ ಜಾಗದ ತಳದಲ್ಲಿ ಚೌಕಟ್ಟು ನಿಂತಿತ್ತು. ಮೇಲೆ ನೋಡಿದರೆ ಮಹಡಿ ಮಹಡಿಗೂ ಬಾಗಿಲಿನ ಖಾಲಿ ಚೌಕ, ಅದರಿಂದ ಬೀಳುವ ಬೆಳಕು.

ಅವಳು ಸ್ಪ್ಯಾನರ್ ತೆಗೆದುಕೊಂಡಳು. ಅವನು ಬಗ್ಗಿ ಗೆರೆ ನೋಡಿದ. ಅವಳು ತೋಳಿನಿಂದ ಎಳೆಯುತ್ತಿರಲಿಲ್ಲ. ಹಿಮ್ಮಡಿ ಊರಿ, ಬೆನ್ನನ್ನೇ ಹಿಂದಕ್ಕೆ ಒಯ್ಯುತ್ತಿದ್ದಳು, ಬಾವಿಯಿಂದ ಕೊಡ ಎಳೆಯುವವರ ಹಾಗೆ. ಕಟಕ್. ನಟ್ಟು ಅಲುಗಲಿಲ್ಲ. ಮುಂದಿನದು. ಕಟಕ್. ಪ್ರತಿ ಸದ್ದಿಗೂ ಇಬ್ಬರೂ ಒಮ್ಮೆ ಉಸಿರು ಬಿಟ್ಟು ಮತ್ತೆ ಹಿಡಿಯುತ್ತಿದ್ದರು. ಎಡಮೂಲೆಯ ಬೋಲ್ಟಿಗೆ ಬಂದಾಗ ಅವಳು ಕೈ ಒರೆಸಿಕೊಂಡಳು. ಎಳೆದಳು.

ಕಟಕ್.

ಅವಳು ನೆಲಕ್ಕೆ ಕೂತುಬಿಟ್ಟಳು. ಅವನು ನೀರಿನ ಬಾಟಲಿ ಕೊಟ್ಟು ಪಕ್ಕದಲ್ಲಿ ಕೂತ.

“ಹಾಗಾದ್ರೆ ನಿಮ್ ಹಳೇ ಸ್ಪ್ಯಾನರ್ ಸರಿ ಇದೆ,” ಎಂದ. “ಮತ್ತೆ ಆ ಒಂದು...?”

ಅವಳು ನೀರು ಕುಡಿದಳು. ಬಾಟಲಿಯ ಮುಚ್ಚಳ ತಿರುಗಿಸಿದಳು, ಬಿಚ್ಚಿದಳು, ಮತ್ತೆ ತಿರುಗಿಸಿದಳು.

“ನಿನ್ನಿ ನೀವು ಭಾಳ ಲಗೂ ಬಂದಿದ್ರಿ. ಗೇಟಿನ್ಯಾಗ ದ್ಯಾಮಣ್ಣನ ಕೂಡ ನಗಾಕ ಹತ್ತಿದ್ರಿ. ನಟ್ಟ್ ಹಾಕಿದೆ, ತಲಿ ಎತ್ತಿ ನೋಡಿದೆ. ಬ್ರಷ್ ತಗೊಂಡು ಗೆರಿ ಎಳದೆ. ನಡುವ ಬಿಗಿಯೂದೊಂದು ಇತ್ತು. ಅದನ್ನ ಮರತೆ.”

“ನನ್ನ ನೋಡಿ?”

“ಮತ್ತ್ಯಾರನ್ನ? ದ್ಯಾಮಣ್ಣನ್ನೇನು?”

ಅವನು ನಗಲು ಹೋದ. ಅವಳ ಕಣ್ಣಲ್ಲಿ ನೀರಿತ್ತು. ನಗು ಅಲ್ಲೇ ನಿಂತಿತು.

“ನಾ ಹಂಗ ಎಂದೂ ಮರತಾಕಿ ಅಲ್ರೀ. ಅದಕ್ಕ ನನಗ ಅಂಜಿಕಿ ಬಂತು. ನೀವು ಅಂಜಲಿಲ್ಲ, ನಕಲಿ ಗೆರಿ ಎಳದ್ರಿ. ಅದಕ್ಕ ಸಿಟ್ಟ ಬಂತು.”

“ತಪ್ಪಾಯ್ತು. ನಾಳೆಯಿಂದ ಬೇಗ ಬರಲ್ಲ ಬಿಡಿ.”

“ಬರಬ್ಯಾಡ್ರಿ ಅಂದ್ನೇನು ನಾನು?” ಅವಳು ಮುಚ್ಚಳವನ್ನು ಕೊನೆಯ ಸಲ ಬಿಗಿದಳು. “ಬರ್ರಿ. ಆದರ ನನ್ನ ಕೆಲಸ ಇನ್ನ ನೀವು ನೋಡಬ್ಯಾಡ್ರಿ. ನಿಮ್ಮ ಕಣ್ಣಿಗೆ ಈಗ ನನ್ನವು ಎಲ್ಲಾ ಬಿಗೀನ ಕಾಣ್ತಾವ.”

ಇನ್‌ಸ್ಪೆಕ್ಟರ್ ಆಗಲು ಅವನು ಎಷ್ಟು ಪರೀಕ್ಷೆ ಬರೆದಿದ್ದ, ಪಾಸಾದ ಚೌಕಟ್ಟಿಗೆ ಒತ್ತುವ ಸೀಲನ್ನು ಜೇಬಿನಲ್ಲಿಟ್ಟುಕೊಂಡು ಎಷ್ಟು ಬೀಗಿದ್ದ. ಮೇಲೆ ಯಾವುದೋ ಮಹಡಿಯಲ್ಲಿ ಪೇಂಟರ್ ಒಬ್ಬ ಏಣಿ ಎಳೆದ ಸದ್ದು.

“ನೀವು ಹೇಳೋದು ಸರಿ,” ಎಂದ.

ವಾಪಸು ಹೊರಟಾಗ ಅವಳು ಟೂಲ್ ಬ್ಯಾಗನ್ನು ತನ್ನ ಬೆನ್ನಿಗೆ ಹಾಕಿಕೊಂಡಳು.

ವೆಂಕಟಪ್ಪ ತನ್ನ ಕ್ಯಾಬಿನ್ನಿನಲ್ಲಿ ಕಾಯುತ್ತಿದ್ದ. ಎಲ್ಲ ಬಿಗಿ ಇವೆ ಎಂದು ಕೇಳಿ ಕುರ್ಚಿಗೆ ಒರಗಿದ. ಮಹಾನಂದಾಗೆ ಎಚ್ಚರಿಕೆ ಕೊಟ್ಟು ಬಿಟ್ಟ. ಭಾನುಪ್ರಕಾಶ್ ಮೇಜಿನ ಮೇಲೆ ತನ್ನ ಸೀಲು ಇಟ್ಟ.

“ಸಾರ್, ಇನ್ಮೇಲೆ ಇವರ ಕೆಲ್ಸ ನಾನು ಚೆಕ್ ಮಾಡಲ್ಲ. ಬೇರೆಯವ್ರಿಗೆ ಕೊಡಿ.”

“ಅದು ಬಿಟ್ರೆ ನಿಂಗಿರೋದು ಗೋಡೌನ್ ಕಣಯ್ಯಾ! ಬಂದ ವಾಷರ್ ಅಳೀತಾ ಕೂರ್ಬೇಕು. ಪ್ರಮೋಷನ್ ಮರ್ತ್‌ಬಿಡು.”

“ಅಳೀತೀನಿ ಸಾರ್.”

“ಯಾಕೆ ಅಂತ ಬರೀಲಿ? ಮನೆಯವ್ರ ಕೆಲ್ಸ ಮನೆಯವ್ರು ಚೆಕ್ ಮಾಡ್ಬಾರ್ದು ಅಂತ ತಾನೇ ರೂಲು?” ವೆಂಕಟಪ್ಪ ಪೆನ್ನಿನಿಂದ ಅವಳ ಕಡೆ ತೋರಿಸಿದ. “ಈ ಯಮ್ಮ ನಿಂಗೇನಾಗ್ಬೇಕು?”

ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ, ಮದುವೆ ಮನೆಯಲ್ಲಿ ಸಾವಿರ ಸಲ ಕೇಳಿದ ಪ್ರಶ್ನೆ. ಅತ್ತೆ ಮಗಳು, ಚಿಕ್ಕಮ್ಮ, ದೂರದ ನೆಂಟರು ಎಂದು ಹೇಳಿ ಮುಗಿಸುವ ಪ್ರಶ್ನೆ. ಅದರೊಳಗೆ ‘ಆಗಬೇಕು’ ಎಂಬುದೊಂದು ಇದೆಯೆಂದು ಅವನು ಈವರೆಗೆ ಗಮನಿಸಿಯೇ ಇರಲಿಲ್ಲ. ಅವನು ಅವಳತ್ತ ನೋಡಿದ. ಅವಳು ತುಟಿ ಒತ್ತಿ ಹಿಡಿದು ಫ್ಯಾನು ನೋಡುತ್ತಿದ್ದಳು.

“ಹೇಳ್ರಿ,” ಎಂದಳು ಮೆಲ್ಲಗೆ, ಫ್ಯಾನಿಗೆ. “ಸರ ಕೇಳಾಕತ್ತಾರ.”

“ಹೆಂಡತಿ ಆಗ್ಬೇಕು ಸಾರ್.”

“ಆಗ್ಬೇಕು ಅಂದ್ರೆ? ಆಗಿದ್ಯೋ ಇಲ್ವೋ?”

“ಇನ್ನೂ ಇಲ್ಲ ಸಾರ್. ಆಗ್ಬೇಕು.”

ವೆಂಕಟಪ್ಪ ಪೆನ್ನು ಕೆಳಗಿಟ್ಟ. “ಏನಮ್ಮಾ, ಇವ್ನು ಹೇಳ್ತಿರೋದು ಸರಿನಾ?”

ಅವಳು ಭಾನುಪ್ರಕಾಶನನ್ನು ತಲೆಯಿಂದ ಕಾಲಿನವರೆಗೆ, ಅವಸರವಿಲ್ಲದೆ, ಒಮ್ಮೆ ಪೂರ್ತಿ ನೋಡಿದಳು.

“ನನಗೂ ಈಗ ಗೊತ್ತಾತ್ರಿ ಸರ,” ಎಂದಳು. “ಆದರ ತಪ್ಪೇನೂ ಕಾಣವಲ್ದು.”