ಗುಲಾಬಿಗೆ ಕೈ ಇಲ್ಲ

"ಆ ಗೋಡೆಗೆ ಏನು ಬೇಕಾದ್ರೂ ಹಬ್ಬಿಸ್ಕೋ ಕಣಪ್ಪಾ. ಆದ್ರೆ ಏನನ್ನೂ ಕಟ್ಟಬೇಡ."

ಪಕ್ಕದ ಮನೆಯ ಅಜ್ಜಿ ಬೇಲಿಯಾಚೆ ನಿಂತು ಇಷ್ಟನ್ನು ಹೇಳುವಾಗ ಅವಳ ಕಣ್ಣು ಅವನ ಮೇಲಿರಲಿಲ್ಲ, ಅವನ ಬೆನ್ನ ಹಿಂದಿನ ಗೋಡೆಯ ಮೇಲಿತ್ತು. ನರ್ಸರಿಯವನು ನಕ್ಕುಬಿಟ್ಟ. ಗಿಡ ಬೆಳೆಸಿ ಮಾರುವುದು ಅವನ ಕಸುಬು. ಹೆಂಡತಿ ಮಗಳ ಜೊತೆ ಈ ಮನೆಗೆ ಬಂದು ಸಾಮಾನಿನ ಗಂಟು ಬಿಚ್ಚಿ ಮುಗಿದಿರಲಿಲ್ಲ, ಆಗಲೇ ಉಪದೇಶ ಶುರುವಾಗಿತ್ತು. ಈ ಮನೆಯನ್ನು ಅವನು ಹಿಡಿದದ್ದೇ ಈ ಗೋಡೆಯ ಆಸೆಗೆ. ಹಿತ್ತಲಿನ ಈ ತುದಿಯಿಂದ ಆ ತುದಿಗೆ ಎರಡಾಳೆತ್ತರದ ಇಟ್ಟಿಗೆ ಗೋಡೆ. ಬೆಳಗಿನ ಬಿಸಿಲು ನೇರವಾಗಿ ಬಂದು ಬೀಳುವ ಗೋಡೆ. ಮೈಮೇಲೆ ಒಂದು ಹಸಿರೆಲೆಯೂ ಇಲ್ಲದ ಗೋಡೆ. ಸಾಲದ್ದಕ್ಕೆ ಯಾರೋ ಪುಣ್ಯಾತ್ಮರು ಮೊದಲೇ ಅದರ ತುಂಬ ಉದ್ದುದ್ದ ಕಬ್ಬಿಣದ ಮೊಳೆ ಬಡಿದಿಟ್ಟಿದ್ದರು.

"ತಾನೇ ಗೋಡೆಗೆ ಅಂಟ್ಕೊಂಡು ಹತ್ತೋ ಬಳ್ಳಿ ಇರುತ್ತಲ್ಲ, ಅದನ್ನ ಹಾಕು," ಅಂದಳು ಅಜ್ಜಿ.

"ಅದು ಸಂದೀಲಿ ಬೇರು ತೂರಿಸಿ ಗಾರೆಯನ್ನೆಲ್ಲ ಉದುರಿಸುತ್ತೆ ಅಜ್ಜಿ. ನಾನು ಹಬ್ಬೋ ಗುಲಾಬಿ ಹಾಕ್ತೀನಿ. ಗುಲಾಬಿಗೆ ಕೈ ಇಲ್ಲ, ತಾನಾಗಿ ಏನನ್ನೂ ಹಿಡ್ಕೊಳಲ್ಲ. ಕಟ್ಟಿದ್ರೇನೇ ಏರೋದು."

"ಅದಕ್ಕೇ ಬೇಡ ಅಂದೆ."

"ಕಟ್ಟಿದ್ರೆ ಏನಾಗುತ್ತೆ? ದೆವ್ವ ಬಂದು ಗಂಟು ಬಿಚ್ಚುತ್ತಾ?"

ಅಜ್ಜಿ ನಗಲಿಲ್ಲ. "ಬಿಚ್ಚೋ ಹಾಗಿದ್ರೆ ನಾನ್ಯಾಕೆ ಹೆದರ್ತಿದ್ದೆ," ಎಂದವಳೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆ ಸಂಜೆ ಊಟದ ಹೊತ್ತಿಗೆ ಅವನು ಅಜ್ಜಿಯ ದನಿಯನ್ನೇ ಅಣಕಿಸಿ ತೋರಿಸಿದ. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳನ್ನು ಮನೆಯಲ್ಲಿ ಕರೆಯುತ್ತಿದ್ದುದೇ ಚಿನಕುರಳಿ ಎಂದು. ನಿದ್ದೆಯಲ್ಲೂ ಬಾಯಿ ಸುಮ್ಮನಿರದ ಹುಡುಗಿ. ಅವಳ ನಗು ಕೇಳುವುದಕ್ಕಾಗಿ ಅವನು ಊರಿನ ಮುಂದೆ ಕುಣಿಯುವುದಕ್ಕೂ ತಯಾರಿದ್ದ.

ಗುಲಾಬಿಯನ್ನು ಅವನು ಅಳೆದೂ ಸುರಿದೂ ಆರಿಸಿದ. ಗೋಡೆ ತನ್ನ ಬುಡದ ನೀರನ್ನು ತಾನೇ ಹೀರುತ್ತದೆಂದು ಮೊಳದಷ್ಟು ದೂರದಲ್ಲಿ ಗುಂಡಿ ತೋಡಿ, ಸಸಿಯನ್ನು ಗೋಡೆಯ ಕಡೆಗೆ ವಾಲಿಸಿ ನೆಟ್ಟ. ತೋಡುವಾಗ ಮಣ್ಣಿನಿಂದ ಕಮಟು ಎಣ್ಣೆಯ ವಾಸನೆ ಬಂತು, ಜೊತೆಗೆ ಸುಟ್ಟ ಕೂದಲಿನದು. ಹಳೇ ಹಿತ್ತಲು, ಏನೋ ಹೂತಿರುತ್ತಾರೆ ಅಂದುಕೊಂಡ.

ಗಿಡ ಮಾತ್ರ ಅವನು ಕಂಡು ಕೇಳರಿಯದ ರಭಸದಲ್ಲಿ ಎದ್ದಿತು. ಕಡ್ಡಿಗಳನ್ನು ನೆಟ್ಟಗೆ ಬಿಟ್ಟರೆ ತುದಿಯಲ್ಲಷ್ಟೇ ಹೂ. ಬಾಗಿಸಿ ಅಡ್ಡಕ್ಕೆ ಚಾಚಿದರೆ ಗೆಣ್ಣುಗೆಣ್ಣಿಗೂ ಮೊಗ್ಗು. ಚಾಚಿ ಕಟ್ಟಬೇಕು. ತಂತಿ ಸಿಪ್ಪೆ ಕೊಯ್ಯುತ್ತದೆ, ಹುರಿ ಕೊಳೆಯುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಒಗೆದೊಗೆದು ಮೆತ್ತಗಾದ ಹಳೇ ಬಟ್ಟೆ.

"ನನ್ನ ಹಳದಿ ಫ್ರಾಕ್ ತಗೋ ಅಪ್ಪ. ಅದು ನನಗೆ ಆಗಲ್ಲ, ಗುಲಾಬಿಗೆ ಆಗುತ್ತೆ," ಎಂದು ಚಿನಕುರಳಿಯೇ ತಂದುಕೊಟ್ಟಳು.

ಅವನು ಫ್ರಾಕನ್ನು ಪಟ್ಟಿಪಟ್ಟಿಯಾಗಿ ಹರಿದ. ಮೊಳೆಗಳು ಸುಡುವ ಬಿಸಿಲಲ್ಲೂ ತಣ್ಣಗಿದ್ದವು. ಒಂದೊಂದು ಕಡ್ಡಿಯನ್ನೂ ಒಂದೊಂದು ಮೊಳೆಗೆ ಎಳೆದು ಬಿಗಿಯಾಗಿ ಗಂಟು ಹಾಕಿದ. ಬೇಲಿಯಾಚೆ ಯಾರೋ ಉಸಿರು ಒಳಗೆಳೆದುಕೊಂಡ ಸದ್ದಾಯಿತು. ತಿರುಗಿ ನೋಡುವಷ್ಟರಲ್ಲಿ ಅಲ್ಲಿ ಯಾರೂ ಇರಲಿಲ್ಲ.

ಮರುದಿನವೇ ಚಿನಕುರಳಿ ಗೇಟಿನ ಹತ್ತಿರ ನಿಂತುಬಿಟ್ಟಳು.

"ಕಾಲು ಬರ್ತಿಲ್ಲ ಅಪ್ಪ."

ಶಾಲೆ ತಪ್ಪಿಸುವ ನಾಟಕ ಎಂದು ಅವನು ಗದರಿದ. ಎತ್ತಿಕೊಂಡು ಹೊರಗೆ ಹೆಜ್ಜೆಯಿಟ್ಟ ಕೂಡಲೇ ಅವಳ ಉಸಿರು ನಿಂತಿತು. ತುಟಿ ನೀಲಿಯಾಯಿತು. ಹೌಹಾರಿ ಒಳಗೆ ಓಡಿ ಬಂದ, ಉಸಿರು ಮರಳಿತು. ವೈದ್ಯರು ಮನೆಗೇ ಬಂದರು, ನರಗಳ ದೌರ್ಬಲ್ಯವಿರಬೇಕೆಂದು ಗುಳಿಗೆ ಬರೆದರು, ಹೋಗುವಾಗ ಗೋಡೆಯನ್ನು ನೋಡಿ ಗಿಡ ತುಂಬ ಚೆನ್ನಾಗಿದೆ ಅಂದರು.

ಗಿಡ ಚೆನ್ನಾಗಿಯೇ ಇತ್ತು. ಮಗಳು ಸೊರಗಿದಷ್ಟೂ ಅದು ಕೊಬ್ಬುತ್ತಿತ್ತು. ಅವಳ ಮಣಿಕಟ್ಟಿನಲ್ಲಿ, ಮೊಣಕೈಯಲ್ಲಿ, ಕಾಲಿನ ಕೀಲಿನಲ್ಲಿ ಪಟ್ಟಿ ಬಿಗಿದಂಥ ಕೆಂಪು ಗುರುತುಗಳು ಎದ್ದವು. ಮಾತು ಕಡಿಮೆಯಾಯಿತು. ಆಮೇಲೆ ತೋಳುಗಳು. ಮಲಗಿದಲ್ಲೇ ಅವು ಮೆಲ್ಲಮೆಲ್ಲಗೆ ಎರಡೂ ಕಡೆಗೆ ಚಾಚಿಕೊಂಡವು. ಹೆಂಡತಿ ಮಡಿಸಲು ನೋಡಿದಳು. ಮಗು ಚೀರಿತು. ಕೋಣೆಯ ತುಂಬ ಗುಲಾಬಿಯ ವಾಸನೆ, ಅದರಡಿಯಲ್ಲಿ ಕಮಟು ಎಣ್ಣೆಯದು.

"ರೀ, ಆ ಗಿಡ ಬಂದ್ಮೇಲೇ ಹೀಗಾಗಿರೋದು," ಅಂದಳು ಹೆಂಡತಿ.

"ನಿನಗೂ ಆ ಮುದುಕಿಯ ಹುಚ್ಚು ಹಿಡೀತಾ?" ಎಂದು ಅವನು ಸಿಡುಕಿದ. ಸಿಡುಕಿದರೂ ಕತ್ತರಿ ಹಿಡಿದು ಹಿತ್ತಲಿಗೆ ಹೋದ. ಹೆಂಡತಿಯ ಸಮಾಧಾನಕ್ಕೆ ಒಂದು ಎಳೆಯ ತುದಿಯನ್ನು ಕಚಕ್ಕನೆ ಕತ್ತರಿಸಿದ.

ಒಳಗಿನಿಂದ ಕಿರುಚಾಟ ಕೇಳಿಸಿತು.

ಓಡಿದ. ಚಿನಕುರಳಿಯ ಕಿರುಬೆರಳಿನ ಉಗುರು ಅಡ್ಡಡ್ಡ ಸೀಳಿ ರಕ್ತ ಸುರಿಯುತ್ತಿತ್ತು. ಜೀವಮಾನದಲ್ಲಿ ಮೊದಲ ಬಾರಿಗೆ ಅವನಿಗೆ ನಿಜವಾದ ಭಯವಾಯಿತು.

ಬೇಲಿ ಹಾರಿ ಅಜ್ಜಿಯ ಬಾಗಿಲು ಬಡಿದ. ಬಾಗಿಲು ತೆರೆದವಳು ಅವನ ಮುಖ ನೋಡಿಯೇ ಕೇಳಿದಳು.

"ಯಾರ ಬಟ್ಟೆಲಿ ಕಟ್ಟಿದೆ?"

"ನನ್ನ ಮಗಳದು."

"ಅಯ್ಯೋ ನನ್ನ ಪಾಪವೇ!" ಅಜ್ಜಿ ಹಣೆ ಚಚ್ಚಿಕೊಂಡಳು. ಅವಳು ಹೇಳಿದ್ದಿಷ್ಟು. ಅದು ಮೊದಲು ಅವಳದೇ ಮನೆ. ಗಂಡ ಬಿಟ್ಟು ಹೋಗುತ್ತಾನೆಂಬ ಸಂಶಯಕ್ಕೆ ಬಿದ್ದು ಮಾಟಗಾರನನ್ನು ಕರೆಸಿದಳು. ಅವನು ಗೋಡೆಯ ಬುಡದಲ್ಲಿ ಏನೋ ಹೂತು, ಮಂತ್ರಿಸಿದ ಮೊಳೆಗಳನ್ನು ಬಡಿದು, ಗಂಡನ ಅಂಗಿಯ ಪಟ್ಟಿಯಲ್ಲಿ ಅಲ್ಲಿದ್ದ ಬಳ್ಳಿಯನ್ನು ಅವಳ ಕೈಯಿಂದಲೇ ಕಟ್ಟಿಸಿದ. ಬಳ್ಳಿ ಹೂ ಬಿಟ್ಟ ಮೇಲೆ ಗಂಡ ಗೇಟು ದಾಟಲಿಲ್ಲ. ಸಾಯುವವರೆಗೂ ದಾಟಲಿಲ್ಲ, ಅವನ ಜೊತೆಗೇ ಬಳ್ಳಿಯೂ ಒಣಗಿತು.

"ಬಿಚ್ಚೋದು ಹೇಗೆ ಹೇಳಿ ಅಜ್ಜಿ, ನಿಮ್ಮ ಕಾಲು ಹಿಡೀತೀನಿ."

"ಗಿಡ ಕಿತ್ತರೆ ಕೂಸೂ ಹೋಗುತ್ತೆ. ಗಂಟು ಕತ್ತರಿಸಬಾರದು, ಕಟ್ಟಿದ ಕೈಯೇ ಬಿಚ್ಚಬೇಕು. ಬಿಚ್ಚಿದ ಜಾಗಕ್ಕೆ ಆಗಿಂದಾಗಲೇ ಇನ್ನೊಬ್ಬರ ಬಟ್ಟೆ ಬೀಳಬೇಕು. ಇಲ್ದಿದ್ರೆ ಬಿಟ್ಟಿದ್ದನ್ನೇ ಮತ್ತೆ ಎಳ್ಕೊಳುತ್ತೆ." ಅಜ್ಜಿ ಬಿಕ್ಕಿದಳು. "ನಂಗೂ ಗೊತ್ತಿತ್ತು ಮಗಾ. ನನ್ನ ಬಟ್ಟೆ ಹರಿಯೋಕೆ ನಂಗೆ ಧೈರ್ಯ ಬರಲಿಲ್ಲ."

"ಇನ್ನೂ ಹೊತ್ತಿದೆಯಾ?"

"ಮೊದಲನೇ ಹೂ ಪೂರ್ತಿ ಅರಳೋವರೆಗೆ. ಅರಳಿದ ಮೇಲೆ ಯಾರಿದ್ದಾರೋ ಅವರದೇ ಕಟ್ಟು. ಆಮೇಲೆ ಬ್ರಹ್ಮ ಬಂದ್ರೂ ಬಿಚ್ಚೋಕಾಗಲ್ಲ."

ಹಿತ್ತಲಿಗೆ ಬಂದಾಗ ಮುಸ್ಸಂಜೆ ಕವಿಯುತ್ತಿತ್ತು. ಗೋಡೆ ಕಪ್ಪಗಾಗಿತ್ತು. ನಟ್ಟನಡುವೆ ಒಂದು ಮೊಗ್ಗು, ಬೆಳಿಗ್ಗೆ ಇರದಿದ್ದ ಮೊಗ್ಗು, ಬಾಯಿ ಬಿಡುತ್ತಿತ್ತು. ಗಾಳಿ ಇಲ್ಲ. ಆದರೂ ಎಲೆಗಳು ಒಂದನ್ನೊಂದು ಉಜ್ಜಿಕೊಳ್ಳುತ್ತಿದ್ದವು.

ಅವನು ಮೈಮೇಲಿನ ಅಂಗಿಯನ್ನು ಕಿತ್ತು ಹಲ್ಲಿನಿಂದ ಹರಿದ. ಮೊದಲ ಗಂಟಿಗೆ ಕೈ ಹಾಕಿದ. ಕಡ್ಡಿ ದಪ್ಪವಾಗಿ ಬಟ್ಟೆ ಸಿಪ್ಪೆಯೊಳಗೆ ಹೂತುಹೋಗಿತ್ತು. ಉಗುರಿನಿಂದ ಕೆದಕಿದ. ಮುಳ್ಳು ಅಂಗೈ ಹೊಕ್ಕಿತು. ಕೆದಕಿದ. ಗಂಟು ಸಡಿಲವಾಯಿತು. ಹಳದಿ ಪಟ್ಟಿ ಬಿಚ್ಚಿಕೊಂಡಿತು. ಅದೇ ಜಾಗಕ್ಕೆ ತನ್ನ ಅಂಗಿಯ ಪಟ್ಟಿ ಸುತ್ತಿದ. ಬಿಗಿದ.

ಅವನ ಎಡಗಾಲು ಕಲ್ಲಾಯಿತು.

"ರೀ! ಒಂದು ಕಾಲು ಆಡಿಸ್ತಿದಾಳೆ!" ಒಳಗಿನಿಂದ ಹೆಂಡತಿಯ ಕೂಗು.

ಇನ್ನೊಂದು ಗಂಟು. ಬೆರಳು ರಕ್ತದಲ್ಲಿ ಜಾರಿತು. ಹಲ್ಲು ಹಾಕಿದ. ಬಾಯಿ ತುಂಬ ಮಣ್ಣು, ಕಮಟು ಎಣ್ಣೆ. ಬಿಚ್ಚಿತು. ಕಟ್ಟಿದ. ಬಲಗಾಲು ಹೋಯಿತು. ಗೋಡೆಗೆ ಎದೆಯೊರಗಿಸಿ ತೆವಳಿದ. ಇನ್ನೊಂದು. ಮುಳ್ಳು ಕೆನ್ನೆ ಸೀಳಿತು. ಮೊಗ್ಗಿನ ಹೊರ ಎಸಳು ಮಡಚಿಕೊಂಡಿತು. ಬೇಗ. ಇನ್ನೊಂದು. ಎಡತೋಳು ತಾನಾಗಿ ಮೇಲೇಳತೊಡಗಿತು. ಬೇಡ, ಈಗಲೇ ಬೇಡ. ಇಟ್ಟಿಗೆಯ ಒಳಗೆ ಯಾರೋ ಗಂಡಸು ಉಸಿರು ಎಳೆದು ಬಿಡುತ್ತಿದ್ದ. ಅವನು ಕಿವಿಗೊಡಲಿಲ್ಲ. ಕೊನೆಯ ಗಂಟು. ಬಲಗೈಯೊಂದೇ ಉಳಿದಿತ್ತು. ಹೂ ಅರ್ಧ ಅರಳಿತ್ತು. ಕಚ್ಚಿದ. ಎಳೆದ. ಬರಲಿಲ್ಲ. ಚಿನಕುರಳೀ! ಮುಕ್ಕಾಲು ಅರಳಿತು. ಹಲ್ಲೊಂದು ಲಟಕ್ಕೆಂದಿತು. ಎಳೆದ. ಬಂತು. ಸುತ್ತಿದ. ಬಿಗಿದ.

ಹೂ ಅರಳಿತು.

ಒಳಗೆ ಅವನ ಮಗಳು ಗಟ್ಟಿಯಾಗಿ, ನಿಲ್ಲಿಸದೆ, ಮೊದಲಿನ ಹಾಗೆ ಮಾತಾಡತೊಡಗಿದಳು. ಅವನು ಎರಡೂ ತೋಳು ಚಾಚಿ ಗೋಡೆಗೆ ಮುಖವಿಟ್ಟು ಅದನ್ನು ಕೇಳುತ್ತ ಅತ್ತ.

ಬೆಳಗಾಗುವಷ್ಟರಲ್ಲಿ ಅವನ ಕೈಕಾಲಿಗೆ ಅರೆಜೀವ ಮರಳಿತ್ತು. ಆದರೆ ಗೋಡೆಯಲ್ಲಿ ಇನ್ನೂ ಖಾಲಿ ಮೊಳೆಗಳಿದ್ದವು. ಮಗುವಿನ ಬಟ್ಟೆಯ ಒಂದು ಎಳೆ ಕೂಡ ಅವಕ್ಕೆ ಸಿಕ್ಕಿಕೊಳ್ಳಬಾರದು. ಹೆಂಡತಿ ಅವನನ್ನು ಬಿಟ್ಟು ಹೋಗುವುದಿಲ್ಲವೆಂದು ಹಟ ಹಿಡಿದಳು. ಅವನೇ ಗದರಿಸಿ, ಕೈಮುಗಿದು, ಮಗಳೊಂದಿಗೆ ತವರಿಗೆ ಕಳಿಸಿದ. ಗೇಟಿನವರೆಗೂ ಬಂದ, ಅದಕ್ಕಿಂತ ಮುಂದೆ ಅವನ ಕಾಲು ಬರಲಿಲ್ಲ.

"ಬಾ ಅಪ್ಪ," ಎಂದು ಚಿನಕುರಳಿ ಕೈಹಿಡಿದು ಎಳೆದಳು.

"ಗಿಡಕ್ಕೆ ನೀರು ಹಾಕಿ ಬರ್ತೀನಿ, ನೀನು ನಡಿ."

ವಾರಕ್ಕೊಮ್ಮೆ ಅವರು ಬಂದು ನೋಡಿಕೊಂಡು ಹೋಗುತ್ತಾರೆ. ಮಗಳಿಗೆ ಯಾರೂ ಏನೂ ಹೇಳಿಲ್ಲ. ಅಪ್ಪನ ತೋಳುಗಳು ಯಾಕೆ ಪೂರ್ತಿ ಕೆಳಗಿಳಿಯುವುದಿಲ್ಲ ಎಂದು ಕೇಳಿದರೆ, ನಿನ್ನನ್ನು ಅಪ್ಪಿಕೊಳ್ಳೋಕೆ ಅಂತ ಅವನು ನಗಿಸುತ್ತಾನೆ. ಗೋಡೆ ತುಂಬ ಕಡುಗೆಂಪು ಹೂ. ಬೀದಿಯಲ್ಲಿ ಹೋಗುವವರು ನಿಂತು ನೋಡುತ್ತಾರೆ.

"ಅಪ್ಪ, ನಮ್ಮ ಟೀಚರಿಗೆ ಒಂದು ಹೂ ಬೇಕು."

ಹೆಂಡತಿ ಮುಖ ತಿರುಗಿಸಿಕೊಂಡಳು. ಅವನು ಒಂದು ಹೂವನ್ನು ತೊಟ್ಟಿನ ಸಮೇತ ಚಿವುಟಿ ಮಗಳ ಕೈಗಿಟ್ಟ. ರಕ್ತ ಕಾಣದಂತೆ ಇನ್ನೊಂದು ಕೈಯನ್ನು ಎಲೆಗಳ ಹಿಂದೆ ಮರೆಮಾಡಿದ. ಚಿನಕುರಳಿ ಹೂವನ್ನು ಮೂಸಿದಳು, ಕುಣಿದಳು, ಮತ್ತೆ ಗೋಡೆಯ ಕಡೆ ನೋಡಿದಳು.

"ನಂಗೂ ಒಂದು ಕೊಡ್ತೀಯಾ?"

"ಅದಕ್ಕೇನಂತೆ ಕಂದ," ಅಂದ ಅವನು. "ಯಾವುದು ಬೇಕು, ತೋರಿಸು."