ಹನ್ನೊಂದು ಗಂಟೆಯ ಫೈಲು

ಏಪ್ರಿಲ್ ಒಂಬತ್ತು, ಮಧ್ಯಾಹ್ನ ಒಂದೂ ಮುಕ್ಕಾಲು. ಸಿರುಗುಪ್ಪ ಠಾಣೆಗೆ ದೊಡ್ಡಬಸಮ್ಮ ಬುತ್ತಿಯ ಡಬ್ಬಿ ಹಿಡಿದೇ ಬಂದಳು. ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿರುವ ಮಗಳು ಸೌಂದರ್ಯಾಳಿಗೆ ಊಟ ಕೊಡಲು ಹೋಗಿದ್ದಳಂತೆ.

"ಚಪ್ಲಿ ಅಲ್ಲೇ ಅದಾವ್ರಿ ಮೇಡಮ್. ಮಗಳಿಲ್ಲ."

ಇನ್‌ಸ್ಪೆಕ್ಟರ್ ಅರುಣಾ ತಾವೇ ದೂರು ಬರೆದುಕೊಂಡರು. ಎಫ್‌ಐಆರ್ ದಾಖಲಾಯಿತು. ಗಿರಣಿಯ ಎಂಟು ಕ್ಯಾಮೆರಾಗಳ ಅಂದಿನ ದೃಶ್ಯಗಳನ್ನು ಯಾರೋ ಅಳಿಸಿದ್ದರು. ಗಿರಣಿಯವರು ಪಾಸ್‌ವರ್ಡನ್ನು ರೆಕಾರ್ಡಿಂಗ್ ಯಂತ್ರದ ಮೇಲೇ ಬರೆದು ಅಂಟಿಸಿದ್ದರು, ಪುಣ್ಯಾತ್ಮರು! ಹೆಡ್ ಕಾನ್‌ಸ್ಟೆಬಲ್ ಜಂಬುನಾಥ ಪಂಚನಾಮೆ ಮಾಡಿ ಅದರ ಡಿಸ್ಕ್ ವಶಕ್ಕೆ ಪಡೆದ.

ನಾಲ್ಕೂ ಕಾಲಿಗೆ ಇಬ್ಬರೂ ಬಳ್ಳಾರಿಯಲ್ಲಿದ್ದರು. ಸೈಬರ್ ಪರಿಣತೆ ಶೀಲಾ ಡಿಸ್ಕ್ ತೆರೆದು ಮುಖ ಸಪ್ಪಗೆ ಮಾಡಿಕೊಂಡರು.

"ಎಂಟೂ ಕ್ಯಾಮೆರಾ ಒಮ್ಮೆಲೇ ಈ ಡಿಸ್ಕಿಗೆ ಬರೀತಾವ್ರಿ. ಒಂದೊಂದು ಫೈಲಿಗೂ ಮೊದಲೇ ದೊಡ್ಡ ಜಾಗ ಕಾದಿಟ್ರ ಒಂದೇ ಕಡಿ ಕೂಡತೈತಿ. ಆ ಅಳತಿ ಸಣ್ಣದು ಮಾಡ್ಯಾರ. ಚೂರು ಚೂರಾಗಿ ಎಲ್ಲಾ ಕಲಸಿಹೋಗೇತಿ. ಅಳಿಸಿದ ಮ್ಯಾಲ ಕೂಡಿಸಾಕ ಮೂರು ದಿನ ಬೇಕು."

"ಮೂರು ದಿನ ಹುಡುಗಿ ಇರ್ತಾಳೇನ್ರಿ?" ಜಂಬುನಾಥ ಕೇಳಿದ.

"ಅಳತೆ ಬದಲಾಗಿದ್ದು ಯಾವಾಗ?" ಅರುಣಾ ಕೇಳಿದರು.

"ಹನ್ನೊಂದು ಹತ್ತಕ್ಕ."

"ಒಂದು ಫೈಲು ಎಷ್ಟು ಹೊತ್ತಿಂದು?"

"ಒಂದು ತಾಸಿಂದು..." ಶೀಲಾ ಥಟ್ಟನೆ ನಿಲ್ಲಿಸಿದರು. "ಅಯ್ಯೋ, ಹೌದಲ್ರಿ! ಹೊಸ ಅಳತಿ ಹೊಸ ಫೈಲಿಗಷ್ಟ. ಹನ್ನೊಂದಕ್ಕ ತೆರೆದಿದ್ದು ಹನ್ನೆರಡರ ತನಕ ಹಳೇ ಅಳತ್ಯಾಗ ಐತಿ. ಅಳಿಸಿದಾತ ಅದನ್ನ ಮರ್ತಾನ."

ಐದೂ ಐದಕ್ಕೆ ಆ ಫೈಲು ಇಡಿಯಾಗಿ ಸಿಕ್ಕಿತು. ಹನ್ನೊಂದು ನಲವತ್ತೆರಡು: ಹಿಂಬಾಗಿಲಲ್ಲಿ ಸೌಂದರ್ಯಾಳ ಬಾಯಿ ಒತ್ತಿ ಹಿಡಿದು ವ್ಯಾನಿಗೆ ನೂಕುತ್ತಿದ್ದವನು ಉಮಾಪತಿ. ಕುರುಗೋಡಿನವನು. ಗಿರಣಿಗೆ ಕ್ಯಾಮೆರಾ ಹಾಕಿಕೊಟ್ಟವನೇ ಅವನು ಎಂದು ಚಿತ್ರ ನೋಡಿದ ಗಿರಣಿಯವರು ಫೋನಿನಲ್ಲಿ ಹೇಳಿದರು.

ಜೀಪು ಅತ್ತ ಓಡಿತು. ತಡವಾಯಿತೇನೋ ಎಂಬ ಹೆದರಿಕೆ ಎಲ್ಲರಿಗೂ ಇತ್ತು.

ಆರು ಗಂಟೆಗೆ ಕುರುಗೋಡಿನಲ್ಲಿ ಉಮಾಪತಿಯ ಅಂಗಡಿಯ ಹಿಂದಿನ ಕೋಣೆಯ ಬೀಗ ಒಡೆದರು. ಕೇಬಲ್ ಸುರುಳಿಗಳ ಮಧ್ಯೆ ಸೌಂದರ್ಯಾ ಕೈಕಾಲು ಕಟ್ಟಿಸಿಕೊಂಡು ಬಿದ್ದಿದ್ದಳು. ಉಸಿರಿತ್ತು. ಜಂಬುನಾಥ ಕಟ್ಟು ಬಿಚ್ಚುತ್ತಲೇ ಅತ್ತುಬಿಟ್ಟ.

ಅಂಗಡಿಯಲ್ಲೇ ಇದ್ದ ಉಮಾಪತಿ ಓಡಲಿಲ್ಲ. ಬೇಡಿ ಹಾಕಿಸಿಕೊಂಡು ನೆಲ ನೋಡುತ್ತ ನಿಂತ.

"ಯಾಕೆ ಮಾಡಿದೆ?" ಅರುಣಾ ಕೇಳಿದರು.

"ಹೆಣ್ಮಕ್ಕಳು ಸೀರಿ ಬದಲಿಸೋ ಕೋಣ್ಯಾಗ ಒಂದು ಕ್ಯಾಮೆರಾ ಇಟ್ಟಿದ್ನಿರಿ. ಆಕಿ ನೋಡಿಬಿಟ್ಲು. ಇವತ್ತು ಸಂಜೀಗೆ ಎಲ್ಲಾರಿಗೂ ಹೇಳ್ತೀನಿ ಅಂದ್ಲು. ಮನ್ಯಾಗ ಹೇಂತಿ, ಅವ್ವ... ಹೆಂಗ ಮಕ ತೋರಸ್ಲಿ? ಹೆದ್ರಿಕಿ ಆತ್ರಿ."

"ಇಲ್ಲಿಗೆ ತಂದು ಏನು ಮಾಡೋನಿದ್ದೆ?"

ಅವನು ಬೇಡಿ ಹಾಕಿದ ಕೈಯಿಂದ ಮುಖ ಒರೆಸಿಕೊಂಡ.

"ಕತ್ತಲಾಗ್ಲಿ ಅಂತ ಕಾಯ್ತಿದ್ನಿರಿ."

ಅರುಣಾ ಗಡಿಯಾರ ನೋಡಿದರು. ಆರೂ ಇಪ್ಪತ್ತು. ಹೊರಗೆ ಇನ್ನೂ ಬೆಳಕಿತ್ತು.