ಅಡುಗೆಮನೆ ಕಿಟಕಿಯ ಕಾಡುಮಲ್ಲಿಗೆ

"ಆ ಬಳ್ಳಿಗೆ ನೀರು ಹಾಕಬೇಡ ತಾಯಿ," ಎಂದಳು ಪಕ್ಕದ ಮನೆಯ ಮುದುಕಿ, ಗೋಡೆಯ ಆಚೆಯಿಂದಲೇ. "ಹಿಂದೆ ಇದ್ದೋಳು ಗಂಡ ಮನೆ ಬಿಟ್ಟು ಹೋಗಬಾರದು ಅಂತ ಮಾಟ ಮಾಡಿಸಿ ನೆಟ್ಟಿದ್ದು. ದಿನಾ ಅವನ ಕೈಲೇ ನೀರು ಹಾಕಿಸ್ತಿದ್ಲು. ಅವನು ಹೋಗಲಿಲ್ಲ. ಹಾಸಿಗೆ ಬಿಟ್ಟು ಏಳಲೂ ಇಲ್ಲ. ನೀರು ಹಾಕಿದೋರ ಕಸುವು ಕುಡಿಯುತ್ತೆ ಅದು."

ನರ್ಸ್ ನಕ್ಕಳು. "ನನ್ನ ಕಸುವನ್ನ ಆಸ್ಪತ್ರೆ ಆಗಲೇ ಕುಡಿದುಬಿಟ್ಟಿದೆ ಅಜ್ಜಿ. ಇದಕ್ಕೇನು ಸಿಗುತ್ತೆ, ಚರಟ?"

ಗಂಡ ತೀರಿಕೊಂಡ ಮೇಲೆ ಅತ್ತೆಯೊಂದಿಗೆ ಈ ಬಾಡಿಗೆ ಮನೆಗೆ ಬಂದವಳು ಅವಳು. ಕಿಟಕಿಯ ಕೆಳಗೆ ಒಣಗಿ ಬಿದ್ದಿದ್ದ ಕಾಡುಮಲ್ಲಿಗೆಯನ್ನು ಎತ್ತಿ ತಂತಿಗೆ ಕಟ್ಟಿದಳು. ಅಕ್ಕಿ ತೊಳೆದ ನೀರು ಎರೆದಳು. ಬಳ್ಳಿ ಹೊಟ್ಟೆಬಾಕನಂತೆ ಹಬ್ಬಿತು. ಮೊಗ್ಗು ಬಿರಿದಾಗ ಬಂದ ಕಂಪು ಹೂವಿನದೇ; ಆದರೆ ಅದರಡಿ ಹಳೆಯ ಬ್ಯಾಂಡೇಜು ಬಿಚ್ಚಿದಂಥ ಇನ್ನೊಂದು ವಾಸನೆ. ಮೂಗಿಗೆ ಅಂಟಿದ ವಾರ್ಡಿನ ನಾತವಿರಬೇಕು ಅಂದುಕೊಂಡಳು.

ದಣಿವು ಮಾತ್ರ ಮೂಳೆಗಿಳಿಯಿತು. ಮಲಗಿ ಎದ್ದರೂ ಮೈ ಒದ್ದೆ ಕಂಬಳಿಯಷ್ಟು ಭಾರ. ಒಮ್ಮೆ ಚೊಂಬು ಹಿಡಿದೇ ಮೆಟ್ಟಿಲ ಮೇಲೆ ಕುಸಿದಳು. ಅತ್ತೆ ಚೊಂಬು ಕಿತ್ತುಕೊಂಡರು. "ನೀನು ಮಲಕ್ಕೋ ಮಗಳೇ. ಬಳ್ಳಿ ನಾನು ನೋಡ್ಕೋತೀನಿ."

ಅಂದಿನಿಂದ ಅವಳ ಮೈ ಹಗುರಾಯಿತು. ವಿಶ್ರಾಂತಿಗಿಂತ ಮದ್ದಿಲ್ಲ ಎಂದು ಮುದುಕಿಯನ್ನು ಇನ್ನಷ್ಟು ಅಣಕಿಸಿದಳು. ಅತ್ತೆ ತಟ್ಟೆಯಲ್ಲಿ ಅನ್ನ ಬಿಡತೊಡಗಿದರು, ಗೋಡೆ ಹಿಡಿದು ನಡೆಯತೊಡಗಿದರು. ವಯಸ್ಸಾಯಿತು, ಇನ್ನೇನು ಎಂದುಕೊಂಡಳು. ದಿನವಿಡೀ ರೋಗಿಗಳನ್ನು ನೋಡಿ ಬಂದ ಕಣ್ಣಿಗೆ ಮನೆಯ ರೋಗ ಕಾಣಲಿಲ್ಲ.

ಒಂದು ಮಧ್ಯಾಹ್ನ ಬಾಗಿಲು ತೆರೆದರೆ ಉಸಿರು ಕಟ್ಟುವಷ್ಟು ಹೂವಿನ ವಾಸನೆ. ಕಿಟಕಿಗೆ ಎಲೆ ಮುಚ್ಚಿ ಅಡುಗೆಮನೆಯೆಲ್ಲ ಕತ್ತಲು.

"ಅತ್ತೇ?"

ಹಿತ್ತಿಲಿಗೆ ಓಡಿದಳು.

ಅತ್ತೆ ಗೋಡೆಗೊರಗಿ ಕುಳಿತಿದ್ದರು. ಬಳ್ಳಿ ಮೊಣಕೈವರೆಗೂ ಸುತ್ತಿತ್ತು. ಮಣಿಕಟ್ಟು ಹಿಡಿದಳು. ನಾಡಿಯಿಲ್ಲ. ಕತ್ತು ಮುಟ್ಟಿದಳು. ಇಲ್ಲ. ಕಿತ್ತೆಸೆಯಲು ಬಳ್ಳಿಗೆ ಕೈ ಹಾಕಿದಳು. ಬಿಸಿ. ಬೆರಳಡಿ ಏನೋ ಮಿಡಿಯಿತು. ನಿಂತಿತು. ಮತ್ತೆ ಮಿಡಿಯಿತು. ಒಳಗೋಡಿ ಕತ್ತರಿ ತಂದಳು. ಬಳ್ಳಿಗೆ ಆನಿಸಿದಳು.

"ಬೇಡ ಕಣೇ." ಅತ್ತೆಯ ತುಟಿ ಅಲುಗಿತು. "ನಂಗೆ ನೋಯುತ್ತೆ."

ಕತ್ತರಿ ಜಾರಿ ಬಿತ್ತು. ಮಿಡಿತ ಸೋಲುತ್ತಿತ್ತು. ಎಲೆಗಳು ಕಣ್ಣೆದುರೇ ಬಾಡುತ್ತಿದ್ದವು. ನಲ್ಲಿ ತಿರುಗಿಸಿದಳು. ಚೊಂಬು ತುಂಬಿದಳು. ಬುಡಕ್ಕೆ ಸುರಿದಳು. ಮತ್ತೆ ತುಂಬಿದಳು. ಮತ್ತೆ ಸುರಿದಳು.

ಅತ್ತೆಯ ಕೆನ್ನೆಗೆ ಮೆಲ್ಲಗೆ ಬಣ್ಣ ಬಂತು. ಮೈಯ ಕಸುವೆಲ್ಲ ಬಸಿದುಹೋದಂತೆ ಅವಳು ಚೊಂಬು ಹಿಡಿದೇ ಅತ್ತೆಯ ಪಕ್ಕದಲ್ಲಿ ನೆಲಕ್ಕೆ ಕುಸಿದಳು.

ಅತ್ತೆ ಕಣ್ಣು ತೆರೆದು ಸೊಸೆಯ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡರು. "ಪಾಪ, ಇವತ್ತು ಡ್ಯೂಟಿ ಜಾಸ್ತಿಯಾಯ್ತು ಅನ್ಸುತ್ತೆ," ಎಂದರು.